ಕಾಲುಚೀಲ ತೊಟ್ಟ ದಾಸವಾಳ

ವರ್ಷಾನುಗಟ್ಟಲೆ ನಾನು ಹೈಸ್ಕೂಲಿನ ಮಕ್ಕಳಿಗೆ ದಾಸವಾಳದ ಹೂವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ತೋರಿಸಿದ್ದೇನೆ. ಇದು ಪುಂಕೇಸರ, ಇದು ಶಲಾಕೆ, ಕೆಳಗಿರುವುದು ಅಂಡಾಶಯ, ಬರೆದುಕೊಳ್ಳಿ, ಪರೀಕ್ಷೆಗೆ ಬರುತ್ತದೆ. ಮಕ್ಕಳು ಬರೆದುಕೊಂಡರು, ಪರೀಕ್ಷೆಗೂ ಬಂತು, ಪಾಸೂ ಆದರು. ಆದರೆ ಒಂದು ಹೂವಿನ ಪರಾಗವನ್ನು ಇನ್ನೊಂದು ಹೂವಿಗೆ ಮುಟ್ಟಿಸಿದರೆ ಈ ಭೂಮಿಯ ಮೇಲೆ ಇದುವರೆಗೆ ಇಲ್ಲದಿದ್ದ ಮೂರನೆಯ ಹೂವೊಂದು ಹುಟ್ಟಬಹುದು, ಅದನ್ನು ನಾನೇ ಹುಟ್ಟಿಸಬಹುದು ಎಂಬುದು ಪಾಠ ಹೇಳುವ ನನಗೇ ಹೊಳೆದಿರಲಿಲ್ಲ. ಹೊಳೆದ ದಿನ ನನ್ನ ತಲೆ ಕೆಟ್ಟಿತು. ಇನ್ನೂ ರಿಪೇರಿ ಆಗಿಲ್ಲ.

ಹೊಳೆದದ್ದು ಬೆಳಗಾವಿಯ ಒಂದು ಹೂವಿನ ಪ್ರದರ್ಶನದಲ್ಲಿ. ನರ್ಸರಿಯವನೊಬ್ಬ ಊಟದ ತಟ್ಟೆಯಷ್ಟು ಅಗಲದ, ಕಾಫಿ ಬಣ್ಣದ ದಾಸವಾಳ ಇಟ್ಟುಕೊಂಡು ಕೂತಿದ್ದ. ಕಾಫಿ ಎಂದರೆ ಹಾಲು ಕಡಿಮೆ ಹಾಕಿದ, ಗಟ್ಟಿ ಕಾಫಿ. ನಡುವೆ ಕೆಂಪು ಕಣ್ಣು. ಇದು ಯಾವ ದೇಶದ್ದು ಎಂದು ಕೇಳಿದೆ. "ದೇಶದ್ದಲ್ರೀ ಅಕ್ಕಾರ, ಯಾರೋ ಒಬ್ಬರು ಮನಿ ಗಚ್ಚಿ ಮ್ಯಾಲ ಕುಂತು ಕುಂಚದಲೇ ಮಾಡಿದ್ದು" ಎಂದ. ಗಚ್ಚಿ ಎಂದರೆ ತಾರಸಿ. ತಾರಸಿ ನಮಗೂ ಇತ್ತು. ಗಿಡವನ್ನು ಅಲ್ಲೇ ಕೊಂಡೆ, ಕುಂಚವನ್ನು ದಾರಿಯಲ್ಲಿ. ಆಟೋದಲ್ಲಿ ಆ ಗಿಡವನ್ನು ತೊಡೆಯ ಮೇಲೆ ಕೂರಿಸಿಕೊಂಡು ಊರೊಳಗೇ ಇರುವ ಶಹಾಪುರದ ನಮ್ಮ ಓಣಿಗೆ ಬಂದಾಗ, ಆಟೋದವನು "ಕೂಸು ಯಾವಾಗ ಹುಟ್ಟಿತ್ರೀ?" ಎಂದು ನಕ್ಕ. ನಾನೂ ನಾಚಿಕೆಯಿಲ್ಲದೆ ನಕ್ಕೆ.

ಆದರೆ ನಮ್ಮ ಮನೆಯಲ್ಲಿ ಹೂವಿಗೆ ಒಬ್ಬ ಯಜಮಾನರಿದ್ದರು. ನನ್ನ ಅತ್ತೆ. ನೇಕಾರರ ಮನೆಯಲ್ಲಿ ಹುಟ್ಟಿ, ನೇಕಾರರ ಮನೆಗೇ ಬಂದವರು. ಮಗ್ಗ ನಿಂತು ಕಾಲವಾಯಿತು, ಮಗ, ಅಂದರೆ ನನ್ನ ಗಂಡ, ರವಿವಾರ ಪೇಟೆಯಲ್ಲಿ ಬೆಲ್ಲದ ಸಗಟು ಅಂಗಡಿ ಇಟ್ಟರು, ಆದರೆ ಅತ್ತೆಯ ಕಣ್ಣು ಮಾತ್ರ ನೂಲಿನ ಬಣ್ಣದಲ್ಲೇ ಉಳಿದಿತ್ತು. ಎದುರಿಗೆ ಯಾರು ಬಂದರೂ ಮೊದಲು ಸೀರೆಯ ಬಣ್ಣ ನೋಡುವುದು, ಆಮೇಲೆ ಮುಖ. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಬೆತ್ತದ ಬುಟ್ಟಿ ಹಿಡಿದು ತಾರಸಿ ಹತ್ತುವರು. ಅರಳಿದ್ದಷ್ಟೂ ಬುಟ್ಟಿಗೆ. ಓಣಿಯಲ್ಲಿ ಯಾರದೇ ಕಂಪೌಂಡಿನಿಂದ ಹೊರಗೆ ಬಾಗಿದ ಕೊಂಬೆ ಇದ್ದರೆ ಅದೂ ಅವರದೇ. ಕೆಳಗಿಳಿದು ಮಣೆಯ ಮೇಲೆ ಕೂತು, ಕೊರಳಿನ ಇಷ್ಟಲಿಂಗವನ್ನು ಎಡ ಅಂಗೈಗೆ ತೆಗೆದುಕೊಂಡು, ವಿಭೂತಿ, ಪತ್ರೆ, ಆಮೇಲೆ ಹೂವು. ಆ ಹೊತ್ತಿನಲ್ಲಿ ಮನೆಗೆ ಬೆಂಕಿ ಬಿದ್ದರೂ ಅವರು ಏಳುವುದಿಲ್ಲ.

ನನ್ನ ಕಾಫಿ ಬಣ್ಣದ ದಾಸವಾಳದ ಮೊದಲ ಹೂವು ಅರಳಿದ ದಿನ ನಾನು ಕುಂಚ ಹಿಡಿದು ಕುಣಿಯುತ್ತ ಮೇಲೆ ಹೋದರೆ ಬರೀ ತೊಟ್ಟು. ಓಡಿ ಕೆಳಗೆ ಬಂದೆ. ಅತ್ತೆಯ ಅಂಗೈಯಲ್ಲಿ, ವಿಭೂತಿ ಹಚ್ಚಿದ ಲಿಂಗದ ಮೇಲೆ ಅದು ಕೂತಿತ್ತು. ಚೆನ್ನಾಗಿಯೇ ಕಾಣುತ್ತಿತ್ತು, ಅದೇ ನನಗೆ ಇನ್ನಷ್ಟು ಹೊಟ್ಟೆ ಉರಿಸಿತು. ಪೂಜೆ ಮುಗಿಯುವ ತನಕ ಬಾಗಿಲಲ್ಲೇ ನಿಂತೆ.

"ಅತ್ತೀ, ಆ ಹೂವು ಹರೀಬಾರದಾಗಿತ್ರೀ."

"ಯಾಕ? ದೇವರಿಗೆ ನಡೀದಂಥಾ ಹೂವೇನು ಅದು? ಮತ್ತ ಯಾರಿಗಿ ಇಟ್ಟಿದ್ದಿ?"

"ಇನ್ನೊಂದು ಹೂವಿಗಿ ರೀ."

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಸಾಲ್ಯಾಗ ಭಾಳ ಕೆಲಸಾ ಕೊಡಾಕತ್ತಾರೇನು?" ಎಂದು ಕೇಳಿ ಒಳಗೆ ಹೋದರು.

ಬಾಯಿಮಾತಿನಲ್ಲಿ ಗೆಲ್ಲುವುದು ಆಗದ ಕೆಲಸ ಎಂದು ಗೊತ್ತಾಯಿತು. ಉಪಾಯ ಹುಡುಕಿದೆ. ನನ್ನ ಗಂಡನಿಗೆ ಸಕ್ಕರೆ ಕಾಯಿಲೆ. ದಿನವಿಡೀ ಬೆಲ್ಲದ ನಡುವೆ ಕೂರುವ ಮನುಷ್ಯನಿಗೆ ಇಂಥ ಕಾಯಿಲೆ ಬಂದದ್ದೇ ಪೇಟೆಯಲ್ಲಿ ಒಂದು ತಮಾಷೆ. ಪಾದಕ್ಕೆ ಪೆಟ್ಟಾಗಬಾರದು, ಬರಿಗಾಲಲ್ಲಿ ಓಡಾಡಬಾರದು ಎಂದು ಡಾಕ್ಟರು ಹೇಳಿದ್ದರಿಂದ ಮನೆಯಲ್ಲಿ ರಾಶಿ ಕಾಲುಚೀಲ. ನಾಳೆ ಅರಳುವ ಮೊಗ್ಗಿಗೆ ಇವತ್ತು ಸಂಜೆಯೇ ಒಂದು ಕಾಲುಚೀಲ ತೊಡಿಸಿ, ತೊಟ್ಟಿನ ಹತ್ತಿರ ದಾರ ಕಟ್ಟಿದೆ. ಒಗೆದದ್ದೇ, ಆದರೂ ಕಾಲುಚೀಲ ಕಾಲುಚೀಲವೇ. ಬೆಳಿಗ್ಗೆ ಅತ್ತೆ ತಾರಸಿಯಿಂದಲೇ ಕೂಗಿದರು.

"ಏ ಯವ್ವಾ! ಕಾಲಾಗಿಂದು ತಂದು ಹೂವಿಗಿ ಹಾಕೀಯಲ್ಲ, ಇದು ಇನ್ನ ದೇವರಿಗೆ ನಡೀತದೇನು?"

"ನಡ್ಯಾಂಗಿಲ್ರೀ ಅತ್ತೀ" ಎಂದೆ, ಆದಷ್ಟು ದುಃಖದ ಧ್ವನಿಯಲ್ಲಿ. ಅಡುಗೆಮನೆಯಲ್ಲಿ ಒಬ್ಬಳೇ ಲಟ್ಟಣಿಗೆ ಹಿಡಿದು ಕುಣಿದೆ. ಅಂದಿನಿಂದ ನಮ್ಮ ತಾರಸಿಯ ಮೇಲೆ ಕಪ್ಪು, ಕಂದು, ಬೂದು ಕಾಲುಚೀಲಗಳು ಗಿಡದ ತುಂಬ ತೂಗಾಡತೊಡಗಿದವು. ಎದುರು ಮನೆಯವರು ಒಂದು ದಿನ ಕಿಟಕಿಯಿಂದ ಕೇಳಿಯೇಬಿಟ್ಟರು: "ನಿಮ್ಮ ಗಿಡಕ್ಕ ಥಂಡಿ ಆಗೇತೇನ್ರೀ?" ಗಂಡ ಒಂದು ಕಾಲಿಗೆ ಕಪ್ಪು, ಇನ್ನೊಂದಕ್ಕೆ ಕಂದು ಹಾಕಿಕೊಂಡು ಅಂಗಡಿಗೆ ಹೋಗುವ ದಿನಗಳು ಬಂದವು.

ಅವರು ಸೇಡು ತೀರಿಸಿಕೊಂಡದ್ದು ದೀಪಾವಳಿ ಮುಗಿದ ಮೇಲೆ. ಸಂಜೆ ಚಹಾದ ಹೊತ್ತಿಗೆ ಅತ್ತೆಯ ಎದುರು ಕೂತು, "ಯವ್ವಾ, ಗಚ್ಚಿ ಮ್ಯಾಲ ಸೋಲಾರ್ ಹಾಕಸೂಣು. ಇಕೀ ಪಾಟ್ ಅಷ್ಟು ತಗದ್ರ ಜಾಗಾ ಬರೋಬ್ಬರಿ ಆಗತೈತಿ" ಎಂದರು. ಆ ತಾರಸಿ ಬಿಟ್ಟರೆ ನನಗೆ ಒಂದು ಅಂಗೈಯಷ್ಟು ಮಣ್ಣೂ ಇರಲಿಲ್ಲ. ಮನೆ ಅತ್ತೆಯ ಹೆಸರಿನಲ್ಲಿತ್ತು, ಮಾತೂ ಅತ್ತೆಯದೇ.

ಅತ್ತೆ ಬಸಿಯಲ್ಲಿದ್ದ ಚಹಾ ಮುಗಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಈ ಕಾಲಚೀಲದ ಕಾರಭಾರ ಯಾತಕ್ಕ ಅಂತ ಖರೇ ಹೇಳು."

ಹೇಳಿದೆ. ಹೊಸ ಬಣ್ಣ, ಹೊಸ ಆಕಾರ, ಯಾರೂ ನೋಡಿರದ ಹೂವು ಎಂದೆಲ್ಲ ಕೈ ಬೀಸಿ ಬೀಸಿ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ಎಷ್ಟು ಖುಷಿಯಾಯಿತೆಂದರೆ ಗಂಡನ ಚಹಾ ಚೆಲ್ಲಿತು.

"ಯಾರೂ ನೋಡದ್ದು ಅಂದ್ರ?" ಅತ್ತೆ ನಕ್ಕರು. "ನಾ ಕಣ್ಣು ಬಿಟ್ಟಾಗಿಂದ ಬಣ್ಣದಾಗ ಬೆಳದೇನಿ. ನಾ ನೋಡಿಲ್ಲದ್ದೊಂದು ಅರಳಸು ನೋಡೂಣು. ಎರಡು ಮಳಿಗಾಲ ಬಿಡತೇನಿ. ಅರಳಿಸಿದಿ, ಪಾಟ್ ಗಚ್ಚಿ ಮ್ಯಾಲೇ ಇರ್ತಾವ. ಇಲ್ಲಂದ್ರ ಸೋಲಾರ್."

"ಆ ಹೂವು ಮಾತ್ರ ನೀವು ಹರೀಬಾರದ್ರೀ."

"ಹರೀಬೇಕೋ ಬ್ಯಾಡೋ ಹೂವು ನೋಡಿ ಹೇಳತೇನಿ. ಆದರ ಅದಕ್ಕ ಕಾಲಚೀಲ ಹಾಕಿದಿ ಅಂದ್ರ ಸೋತಿ ಅಂತ ಲೆಕ್ಕ."

ಒಪ್ಪಿಕೊಂಡೆ. ಇಡೀ ಜೀವಮಾನ ನೂಲು ನೋಡಿದ ಹೆಂಗಸಿಗೆ ನೋಡಿಲ್ಲದ ಬಣ್ಣ ತೋರಿಸುತ್ತೇನೆ ಎಂದು ಒಪ್ಪಿಕೊಂಡೆ! ಆ ರಾತ್ರಿ ನಿದ್ದೆ ಬಂತು ಎಂಬುದೇ ನನ್ನ ತಲೆ ಎಷ್ಟು ಕೆಟ್ಟಿತ್ತು ಎನ್ನುವುದಕ್ಕೆ ಸಾಕ್ಷಿ.

ಮೊದಲ ತೊಡಕು ಬೇಗನೇ ಗೊತ್ತಾಯಿತು. ಕಾಫಿ ಗಿಡ ಅಪ್ಪನಾಗಲು ಯಾವಾಗಲೂ ತಯಾರು, ಅವ್ವನಾಗಲು ಸುತರಾಂ ತಯಾರಿಲ್ಲ. ಅದರ ಹೂವಿಗೆ ಎಷ್ಟು ಪರಾಗ ಹಚ್ಚಿದರೂ ಕಾಯಿ ಕಟ್ಟದೆ ಉದುರಿಬಿಡುತ್ತಿತ್ತು. ಆದರೆ ಖಾನಾಪುರದಲ್ಲಿ, ನನ್ನ ಅಣ್ಣನ ಮನೆಯ ಹಿತ್ತಲಿನಲ್ಲಿ ಒಂದು ಹಳೆಯ ದಾಸವಾಳ ಇತ್ತು. ಅಂಚು ಸೀರೆಯ ನೆರಿಗೆಯಂತೆ ಮಡಚಿಕೊಂಡ ಬಂಗಾರದ ಹಳದಿ ಹೂವು. ಗಾಳಿ ತಾಗಿದರೆ ಸಾಕು, ಕಾಯಿ ಕಟ್ಟುತ್ತಿತ್ತು. ಇದೇ ಅವ್ವ ಎಂದು ತೀರ್ಮಾನಿಸಿದೆ. ಅಪ್ಪ ಬೆಳಗಾವಿಯಲ್ಲಿ, ಅವ್ವ ಖಾನಾಪುರದಲ್ಲಿ. ನಡುವೆ ರೈಲು.

ದಾಸವಾಳ ಇರುವುದೇ ಒಂದು ದಿನ. ಬೆಳಿಗ್ಗೆ ಇಲ್ಲಿ ಅರಳಿದ ಹೂವಿನ ಪರಾಗ ಅದೇ ದಿನ ಅಲ್ಲಿ ಅರಳಿದ ಹೂವಿಗೆ ತಲುಪಬೇಕು. ಅಣ್ಣನ ಹೆಂಡತಿ, ನಮ್ಮ ವೈನಿ, ಮೊಗ್ಗಿನ ಕಾವಲಿಗೆ ನಿಂತರು. ಸಂಕ್ರಾಂತಿಯ ಮರುದಿನ ಎರಡೂ ಕಡೆ ಒಟ್ಟಿಗೆ ಕೂಡಿಬಂತು. ನಸುಕಿನಲ್ಲಿ ವೈನಿಯ ಫೋನು: "ಅರಳೈತಿ! ಈಗ ಏನು ಮಾಡ್ಲಿ?"

"ಅದರದೇ ಪರಾಗ ಅದಕ್ಕ ತಾಗಬಾರದು. ನಡಬರ್ಕಿನ ಕಡ್ಡಿ ಸುತ್ತ ಹಳದಿ ಹಳದಿ ಕಾಣತೈತಲ್ಲ, ಅದನ್ನೆಲ್ಲಾ ಈಗಿಂದೀಗ ಸಣ್ಣ ಕತ್ತರಿಲೆ ಕತ್ತರಸ್ರಿ. ತುದಿಯೊಳಗಿನ ಕೆಂಪು ಐದು ಗುಂಡು ಮುಟ್ಟಬ್ಯಾಡ್ರಿ."

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಫೋನು. "ಮೀಸಿ ಬೋಳಿಸೇನಿ ನೋಡು. ಲಗೂನ ಬಾ."

ಇತ್ತ ನಾನು ಕಾಲುಚೀಲ ಬಿಚ್ಚಿ, ಕಾಫಿ ಹೂವಿನ ಪರಾಗವನ್ನು ಕುಂಚದಿಂದ ಉದುರಿಸಿಕೊಂಡೆ. ಒಂದು ಚಿಟಿಕೆಯೂ ತುಂಬದಷ್ಟು ಹಳದಿ ಪುಡಿ. ಯಾವುದರಲ್ಲಿ ಒಯ್ಯಬೇಕು? ಪ್ಲಾಸ್ಟಿಕ್ ಡಬ್ಬಿ ಒಳಗೆ ಬೆವರುತ್ತದೆ, ಮಸಾಲೆ ಡಬ್ಬಿಗೆ ವಾಸನೆ. ಕೊನೆಗೆ ಮದುವೆಯಲ್ಲಿ ತವರಿನವರು ಕೊಟ್ಟಿದ್ದ ಮುಚ್ಚಳದ ಬೆಳ್ಳಿ ಬಟ್ಟಲು ಸಿಕ್ಕಿತು. ಒರೆಸಿ, ಒಣಗಿಸಿ, ಅದರಲ್ಲಿ ತುಂಬಿದೆ. ಅದು ಅರಿಶಿನದ ಬಟ್ಟಲು ಎಂಬುದನ್ನು ಯಾರು ಯೋಚಿಸಿದರು!

ರೈಲು ದೇಸೂರಿನಲ್ಲಿ ಎದುರು ಗಾಡಿಗಾಗಿ ನಿಂತಿತು. ನಿಂತೇ ಇತ್ತು. ಪರಾಗಕ್ಕೆ ಬಿಸಿ ತಾಗೀತು ಎಂಬ ಹೆದರಿಕೆಗೆ ನಾನು ನಿಮಿಷಕ್ಕೊಮ್ಮೆ ಬಟ್ಟಲು ತೆಗೆದು, ಮುಚ್ಚಳ ಎತ್ತಿ, ಇಣುಕಿ, ಮುಚ್ಚಿ, ಸೆರಗಿನಲ್ಲಿ ಸುತ್ತುತ್ತಿದ್ದೆ. ಎದುರಿಗೆ ಕೂತಿದ್ದ ಹೆಂಗಸು ಮೆಲ್ಲಗೆ, "ಬಂಗಾರದ ಪುಡಿ ಏನ್ರೀ?" ಎಂದರು. "ಅದಕ್ಕಿಂತ ಹೆಚ್ಚಿಂದರೀ" ಎಂದೆ. ಅವರು ತಮ್ಮ ಚೀಲವನ್ನು ಹತ್ತಿರ ಎಳೆದುಕೊಂಡರು. ನನ್ನ ಕಣ್ಣಲ್ಲಿ ಏನು ಕಂಡರೋ.

ಖಾನಾಪುರದ ಮನೆ ಹೊಕ್ಕರೆ ಪಡಸಾಲೆಯ ತುಂಬ ಹೆಂಗಸರು. ಸಂಕ್ರಾಂತಿಯ ಅರಿಶಿನ ಕುಂಕುಮ. ಖಾನಾಪುರದಲ್ಲಿ ಮರಾಠಿ ಮಾತಾಡುವ ಮನೆ, ಕನ್ನಡ ಮಾತಾಡುವ ಮನೆ ಎಂದು ಗೋಡೆ ಮಾತ್ರ ಬೇರೆ, ಹಬ್ಬ ಒಂದೇ. ನಾನು ಬಟ್ಟಲನ್ನು ಎಲ್ಲಕ್ಕಿಂತ ಕ್ಷೇಮದ ಜಾಗವೆಂದು ದೇವರ ಗೂಡಿನಲ್ಲಿಟ್ಟು, ಹಿತ್ತಲಿಗೆ ಓಡಿ ಅವ್ವ ಹೂವನ್ನು ನೋಡಿದೆ. ವೈನಿ ಮೀಸೆಯನ್ನು ಎಷ್ಟು ನುಣ್ಣಗೆ ಬೋಳಿಸಿದ್ದರೆಂದರೆ ಯಾವ ಪ್ರಯೋಗಾಲಯದವರೂ ಮೆಚ್ಚಬೇಕು. ತುದಿಯ ಐದು ಕೆಂಪು ಗುಂಡು ತೇವದಿಂದ ಹೊಳೆಯುತ್ತ ಕಾದಿದ್ದವು. ನಾನು ಒಳಗೆ ಬಂದೆ.

ಬಂದು ನೋಡಿದರೆ ವೈನಿಯ ಕೈಯಲ್ಲಿ ನನ್ನ ಬೆಳ್ಳಿ ಬಟ್ಟಲು. ಎದುರಿಗೆ ಚಾಪೆಯ ಮೇಲೆ ಪಕ್ಕದ ಮನೆಯ ಮಾವಶಿ, ಅಂದರೆ ಓಣಿಗೆಲ್ಲ ಚಿಕ್ಕಮ್ಮನಂತಿರುವ ಮರಾಠಿ ಮಾತಿನ ಹಿರಿಯ ಮುತ್ತೈದೆ. ಆಕೆಯ ಅಗಲ ಹಣೆಯ ಮೇಲೆ ಹಳದಿ. ವೈನಿಯ ಇನ್ನೊಂದು ಬೆರಳು ಆಗಲೇ ಕುಂಕುಮದಲ್ಲಿ.

"ಎಷ್ಟು ತುಸಾ ಅರಿಷಿಣ ತಂದಿ" ಎಂದರು ವೈನಿ. "ಮಾವಶಿ ಒಬ್ಬಾಕಿಗೇ ಖಾಲಿ ಆತು."

"ನಿಂದರ್ರೀ! ಕುಂಕುಮ ಹಚ್ಚಬ್ಯಾಡ್ರಿ!"

ಸಂಕ್ರಾಂತಿಯ ಮನೆಯಲ್ಲಿ, ಅರಿಶಿನ ಹಚ್ಚಿಸಿಕೊಂಡು ಕುಂಕುಮಕ್ಕೆ ಮುಖ ಎತ್ತಿದ ಮುತ್ತೈದೆಗೆ ಯಾರಾದರೂ ಹೀಗೆ ಕೂಗುತ್ತಾರೆಯೇ? ಯಾರದೋ ಕೈಯಿಂದ ಎಳ್ಳುಬೆಲ್ಲದ ತಟ್ಟೆ ಜಾರಿ ಠಣ್ಣೆಂದಿತು. ಮಾವಶಿ ಎದೆಯ ಮೇಲೆ ಕೈಯಿಟ್ಟು, "ಅಗ ಬಾಯಿ! ಕಾಯ ಝಾಲಂ?" ಎಂದಳು. ಏನಾಯಿತೆಂದು ಹೇಗೆ ಹೇಳಲಿ? ನಿಮ್ಮ ಹಣೆಯ ಮೇಲೆ ಇರುವುದು ಅರಿಶಿನವಲ್ಲ, ನನ್ನ ಹೂವಿನ ಅಪ್ಪ ಎನ್ನಲೇ? ಹಾಗೇ ಹೇಳಿದೆ. ಬೇರೆ ದಾರಿ ಇರಲಿಲ್ಲ.

"ಮಾವಶಿ, ಬೆವರ ಒರಸಬ್ಯಾಡ್ರಿ, ಹಣಿ ಮುಟ್ಟಬ್ಯಾಡ್ರಿ, ಎದ್ದು ಹಿಂಗ ಹಿತ್ತಲಕ್ಕ ಬರ್ರಿ!"

ಮಾವಶಿ ಬಂದಳು. ಬೆಂಕಿಯ ಕೊಡ ಹೊತ್ತವರ ಹಾಗೆ ಹಣೆಯನ್ನು ಅಲ್ಲಾಡಿಸದೆ, ಕಣ್ಣು ಮಾತ್ರ ಅತ್ತಿತ್ತ ಹೊರಳಿಸುತ್ತ ಬಂದಳು. ಹಿಂದೆ ಪಡಸಾಲೆಯ ಅಷ್ಟೂ ಹೆಂಗಸರು, ರೇಷ್ಮೆ ಸೀರೆಯ ಸರಸರ. ನಾನು ಕುಂಚಕ್ಕಾಗಿ ಪರ್ಸು ತಡಕಿದೆ. ಇರಲಿಲ್ಲ. ಶಹಾಪುರದ ತಾರಸಿಯ ಕಟ್ಟೆಯ ಮೇಲೇ ಉಳಿದಿತ್ತು.

"ಕುಂಚ ಯಾತಕ್ಕ?" ಎಂದಳು ಮಾವಶಿ. ಆ ಹೊತ್ತಿಗೆ ಆಕೆಗೆ ವಿಷಯ ಪೂರ್ತಿ ಹಿಡಿದಿತ್ತು, ಮುಖದಲ್ಲಿ ನಗು ತಡೆಯಲಾಗುತ್ತಿರಲಿಲ್ಲ. "ನೀ ಟೊಂಗಿ ಹಿಡೀ."

ನಾನು ಟೊಂಗೆ ಬಾಗಿಸಿ ಹಿಡಿದೆ. ಮಾವಶಿ ಸೆರಗು ಸರಿಮಾಡಿಕೊಂಡು, ಕೈ ಮುಗಿದು, ದೇವರಿಗೆ ಬಾಗಿದ ಹಾಗೆ ಹೂವಿಗೆ ಹಣೆ ತಾಗಿಸಿದಳು. ಐದೂ ಕೆಂಪು ಗುಂಡಿಗೆ ಹಳದಿ ಹತ್ತಿತು. ಹೆಂಗಸರು ಕೂಗಿ ಚಪ್ಪಾಳೆ ತಟ್ಟಿದರು. ಅಲ್ಲೇ ವೈನಿ ಮಾವಶಿಗೆ ಕುಂಕುಮ ಹಚ್ಚಿದರು, ಮಾವಶಿ ಮದುವಣಗಿತ್ತಿಗೂ ಬೇಕೆಂದು ಹೂವಿನ ತೊಟ್ಟಿಗೆ ಒಂದು ಚುಕ್ಕೆ ಕುಂಕುಮ ಇಟ್ಟು, ಬುಡಕ್ಕೆ ಎಳ್ಳುಂಡೆ ಹಾಕಿದಳು. ಆ ಎಳ್ಳುಂಡೆಗೆ ಇರುವೆ ಬಂದು, ಅವು ಗಿಡ ಹತ್ತದಂತೆ ಮಾಡಲು ವೈನಿ ವಾರವಿಡೀ ಒದ್ದಾಡಿದರು. ನಾನು ಆ ದಿನ ನಕ್ಕಷ್ಟು ನನ್ನ ಮದುವೆಯಲ್ಲೂ ನಕ್ಕಿಲ್ಲ. ವಾಪಸ್ಸು ರೈಲಿನಲ್ಲಿ ಒಬ್ಬಳೇ ನಗುತ್ತ ಕೂತಿದ್ದೆ.

ಕಾಯಿ ನಿಂತಿತು! ವೈನಿಯ ಫೋನು ದಿನಾ ಬರುತ್ತಿತ್ತು, ಬಸುರಿಯ ಸುದ್ದಿ ಹೇಳುವ ಧಾಟಿಯಲ್ಲಿ. ಇವತ್ತು ತುಸು ದುಂಡಗಾಗಿದೆ, ಇವತ್ತು ಬಿಸಿಲಿಗೆ ಬಾಡಿದಂತಿದೆ, ನೆರಳು ಮಾಡಿದ್ದೇನೆ. ಕಾಯಿ ಬಲಿತು ಬಿರಿದರೆ ಬೀಜ ಮಣ್ಣಿಗೆ ಬಿದ್ದು ಕಳೆದುಹೋಗುತ್ತದೆ, ಬಟ್ಟೆ ಕಟ್ಟಬೇಕು ಎಂದು ಹೇಳಿದ್ದೆ. ಒಂದು ಮಧ್ಯಾಹ್ನ ವೈನಿ, "ಕುಬಸಾ ಮಾಡೇನಿ ನೋಡು" ಎಂದು ಫೋಟೋ ಕಳಿಸಿದರು. ಬಸುರಿ ಹೆಣ್ಣುಮಕ್ಕಳಿಗೆ ಕುಬಸದಲ್ಲಿ, ಅಂದರೆ ಸೀಮಂತದಲ್ಲಿ, ಉಡುಗೊರೆ ಕೊಡುವ ಹಸಿರು ರವಿಕೆ ಕಣವನ್ನು ಕತ್ತರಿಸಿ, ಪುಟ್ಟ ಚೀಲ ಹೊಲಿದು, ಕಾಯಿಗೆ ತೊಡಿಸಿದ್ದರು. ಅಂಚಿಗೆ ಜರಿ ಕೂಡ ಇತ್ತು. ಪಕ್ಕದಲ್ಲಿ ಮಾವಶಿ ನಿಂತು ಫೋಟೋಗೆ ನಕ್ಕಿದ್ದಳು.

ಬೇಸಿಗೆ ಶುರುವಾಗುವಾಗ ಆ ಚೀಲದಲ್ಲಿ ಬೀಜ ಬಂದವು. ಮೆಣಸಿನ ಕಾಳಿಗಿಂತ ಸಣ್ಣವು, ಮೈಮೇಲೆ ನವಿರು ರೋಮ. ಒಂದು ಅಂಗೈಯ ನಡುವೆ ಹಿಡಿಯುವಷ್ಟೇ. ಬಿತ್ತಿದೆ. ಹುಟ್ಟಿದ್ದಕ್ಕೆಲ್ಲ ನಾನಿಟ್ಟ ಹೆಸರು ಮಾವಶಿಯ ಮಕ್ಕಳು. ಒಂದೊಂದಕ್ಕೂ ಎಲೆ ಬೇರೆ, ನಿಲುವು ಬೇರೆ. ಒಂದೇ ಕಾಯಿಯ ಬೀಜಗಳಾದರೂ ಒಂದರ ಹಾಗೆ ಇನ್ನೊಂದಿಲ್ಲ. ಇದನ್ನೂ ನಾನು ಹಲಗೆಯ ಮೇಲೆ ಬರೆದು ಕಲಿಸಿದ್ದೆನಲ್ಲ! ಕಣ್ಣೆದುರು ಕಂಡಾಗ ಯಾರೋ ಹೊಸದಾಗಿ ಹೇಳಿದಂತೆ ಮೈ ಝುಂ ಎಂದಿತು. ಸ್ಕೂಲಿಗೆ ಹೊರಡುವ ಮುಂಚೆ ಮೇಲೆ, ಬಂದ ಕೂಡಲೇ ಮೇಲೆ. ಗಂಡ ಅನ್ನ ಬಡಿಸಿಕೊಂಡು ಉಣ್ಣುವುದು ಕಲಿತರು.

ಮೊದಲ ಮಳೆಗಾಲ ಬರೀ ಎಲೆಯಲ್ಲೇ ಹೋಯಿತು. ಮರುವರ್ಷ ಮಳೆ ಹಿಡಿಯುವ ಹೊತ್ತಿಗೆ ಒಂದೊಂದೇ ಅರಳತೊಡಗಿದವು. ಮಾತಿನಂತೆ ಕಾಲುಚೀಲ ಇಲ್ಲ. ಅತ್ತೆ ಬುಟ್ಟಿ ಹಿಡಿದು ಬಂದು ಹೊಸ ಹೂವಿನ ಎದುರು ನಿಲ್ಲುವರು, ನಾನು ಹಿಂದೆ ನಿಲ್ಲುವೆನು.

"ಇದು ಮೆಂತ್ಯಾದ ಹಳದಿ. ಇಂಥಾ ನೂಲು ನಮ್ಮಪ್ಪನ ಮನಿಯಾಗ ರಾಶಿ ಇತ್ತು." ಬುಟ್ಟಿಗೆ.

"ಇದು ರಾಣಿ ಗುಲಾಬಿ ಬಣ್ಣ. ಅದೂ ಎರಡು ಸಲ ತೊಳದಿದ್ದು." ಬುಟ್ಟಿಗೆ.

"ಇದು... ಏನವಾ ಇದು? ಕೆಸರು?" ನಿಜಕ್ಕೂ ಕೆಸರೇ. ನನಗೂ ನಗು ಬಂತು. ಅದೂ ಬುಟ್ಟಿಗೆ.

ಬರಬರುತ್ತ ನನ್ನ ನಗು ತೆಳ್ಳಗಾಯಿತು. ಎಲ್ಲ ಹೂವುಗಳೂ ಚೆಂದವೇ, ಆದರೆ ಯಾವುದೂ ಹೊಸದಲ್ಲ. ಮಳೆ ಹಿಂದೆಗೆಯಿತು. ಒಂದು ದಿನ ಗಂಡ ಸೋಲಾರಿನವನನ್ನು ಕರೆದುಕೊಂಡು ಬಂದರು. ಅವನು ಟೇಪು ಹಿಡಿದು ಅಳೆಯುತ್ತ, ಮೂಲೆಯ ಕುಂಡವೊಂದನ್ನು ಕಾಲಿನಿಂದ ಸರಿಸಿದ. ಮಾವಶಿಯ ಮಕ್ಕಳಲ್ಲಿ ಎಲ್ಲಕ್ಕಿಂತ ಕುಳ್ಳಗಿದ್ದ, ಒಂದು ಕಡೆಗೆ ವಾಲಿದ್ದ, ಇನ್ನೂ ಹೂ ಬಿಡದಿದ್ದ ಒಂದೇ ಗಿಡ ಅದು. "ಏ, ಕಾಲು!" ಎಂದು ನಾನು ಕೂಗಿದ ರಭಸಕ್ಕೆ ಅವನ ಕೈಯಿಂದ ಟೇಪು ಸರ್ರನೆ ಒಳಗೆ ಹೋಯಿತು. ಬಗ್ಗಿ ಕುಂಡ ನೆಟ್ಟಗೆ ಮಾಡುವಾಗ ಎಲೆಯ ಮರೆಯಲ್ಲಿ ಒಂದು ಮೊಗ್ಗು ಕಂಡಿತು.

ಆ ಮೊಗ್ಗು ನಿಧಾನವಾಗಿ ಬೆಳೆಯಿತು. ಮರುದಿನ ಅರಳುತ್ತದೆ ಎಂದು ಖಾತ್ರಿಯಾದ ಸಂಜೆ ತುದಿಯಲ್ಲಿ ಬಣ್ಣ ಇಣುಕಿತ್ತು. ಏನು ಬಣ್ಣ ಎಂದು ಹೇಳಲು ಬರಲಿಲ್ಲ. ನಾನು ಕೆಳಗೆ ಹೋಗಿ ಗಂಡನ ಒಂದು ಬೂದು ಕಾಲುಚೀಲ ತಂದೆ. ತೊಡಿಸಲಿಲ್ಲ, ಸುಮ್ಮನೆ ಕೈಯಲ್ಲಿ ಹಿಡಿದು ನಿಂತೆ. ತೊಡಿಸಿದರೆ ಹೂವು ಉಳಿಯುತ್ತದೆ, ಮಾತು ಹೋಗುತ್ತದೆ, ತಾರಸಿಯೂ ಹೋಗುತ್ತದೆ. ಬಿಟ್ಟರೆ ಎಲ್ಲವೂ ಅತ್ತೆಯ ಬೆರಳ ತುದಿಯಲ್ಲಿ. ನನಗೆ ಅಳು ಬರುವಷ್ಟು ಆಸೆಯಾಗಿತ್ತು ಆ ಹೂವಿನ ಮೇಲೆ. ಕಾಲುಚೀಲವನ್ನು ಹಗ್ಗದ ಮೇಲೆ ಒಣಹಾಕಿ ಇಳಿದೆ.

ಬೆಳಿಗ್ಗೆ ಎಚ್ಚರವಾದಾಗ ಬೆಳಕು ಹರಿದಿತ್ತು. ಎಲ್ಲ ಬಿಟ್ಟು ಅವತ್ತೇ ಕಣ್ಣು ಹತ್ತಿಬಿಟ್ಟಿತ್ತು. ಬಚ್ಚಲಲ್ಲಿ ಅತ್ತೆಯ ತಂಬಿಗೆ ಒದ್ದೆ, ಗೂಟದಲ್ಲಿ ಬುಟ್ಟಿ ಇಲ್ಲ. ಪೂಜೆಗೆ ಕೂತಿರಬೇಕೆಂದು ದೇವರ ಮನೆಗೆ ಓಡಿದೆ. ಅಲ್ಲಿ ಅತ್ತೆಯೂ ಇಲ್ಲ, ಮಣೆಯೂ ಇಲ್ಲ, ವಿಭೂತಿಗಟ್ಟಿಯೂ ಇಲ್ಲ. ಮೆಟ್ಟಿಲನ್ನು ಎರಡೆರಡು ಹಾರಿ ತಾರಸಿಗೆ ಬಂದೆ.

ಅತ್ತೆ ಮೂಲೆಯ ಕುಂಡದ ಎದುರು ಮಣೆ ಹಾಕಿಕೊಂಡು ಕೂತಿದ್ದರು. ಒದ್ದೆ ಕೂದಲು ಬೆನ್ನ ಮೇಲೆ. ಎಡ ಅಂಗೈಯಲ್ಲಿ ಲಿಂಗ. ಹೂವು ಗಿಡದಲ್ಲೇ ಇತ್ತು. ಬಲಗೈಯಿಂದ ಆ ವಾಲಿದ ಟೊಂಗೆಯನ್ನು ಮೆತ್ತಗೆ ಇನ್ನಷ್ಟು ಬಾಗಿಸಿ, ಅಂಗೈಯನ್ನು ಎತ್ತಿ, ಲಿಂಗವನ್ನೇ ಹೂವಿನ ಹತ್ತಿರ ಒಯ್ದು ತಾಗಿಸಿ, ಕಣ್ಣು ಮುಚ್ಚಿದ್ದರು.

ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಆಗ ಹೂವನ್ನು ಸರಿಯಾಗಿ ನೋಡಿದೆ. ಎಳೆ ಬದನೆಕಾಯಿಯ ಸಿಪ್ಪೆಯ ಬಣ್ಣ ಒಳಗಿನಿಂದ ಹೊರಟು, ಹೊರಗೆ ಬರುತ್ತ ಬರುತ್ತ ಹೊಗೆಯಂತೆ ತೆಳುವಾಗಿ, ನೆರಿಗೆಗಟ್ಟಿದ ಅಂಚಿನಲ್ಲಿ ಬೆಲ್ಲದ ಪಾಕದ ಬಂಗಾರವಾಗಿತ್ತು. ಅಪ್ಪನದಲ್ಲ, ಅವ್ವನದಲ್ಲ. ಬಿಸಿಲು ಏರಿದಂತೆ ಆ ಬದನೆ ಬಣ್ಣ ನೋಡನೋಡುತ್ತ ಬೇರೆಯಾಗುತ್ತಿತ್ತು. ನನಗೆ ಕೂಗಬೇಕೆನ್ನಿಸಿತು, ಕುಣಿಯಬೇಕೆನ್ನಿಸಿತು, ಖಾನಾಪುರಕ್ಕೆ ಫೋನು ಮಾಡಿ ಮಾವಶಿಯ ಹಣೆಗೆ ಮುತ್ತು ಕೊಡಿ ಎಂದು ವೈನಿಗೆ ಹೇಳಬೇಕೆನ್ನಿಸಿತು. ಪೂಜೆ ನಡೆದಿತ್ತಲ್ಲ, ಬಾಯಿಗೆ ಸೆರಗು ತುರುಕಿಕೊಂಡು ನಿಂತೆ.

ಅತ್ತೆ ಪೂಜೆ ಮುಗಿಸಿ, ಲಿಂಗವನ್ನು ಕಟ್ಟಿಕೊಂಡು, ಟೊಂಗೆಯನ್ನು ನಿಧಾನ ಬಿಟ್ಟರು. ತಿರುಗಿ ನೋಡದೆಯೇ ಹೇಳಿದರು.

"ಇದು ನಾ ನೋಡಿಲ್ಲ."

ಹೂವಿನ ಅಂಚಿನ ನೆರಿಗೆಯನ್ನೇ ನೋಡುತ್ತ, "ಇಷ್ಟು ವರ್ಷ ಹರಕೋತ ಬಂದೆ. ಹರದ ಹೂವಿನಾಗ ಇಂಥಾವು ಎಷ್ಟು ಇದ್ದೂವೋ, ಯಾವ್ಯಾವ ಬಣ್ಣ ಹುಟ್ಟೂದಿತ್ತೋ."

ಬುಟ್ಟಿ ಪಕ್ಕದಲ್ಲಿತ್ತು, ಖಾಲಿ. ಸುತ್ತಲಿನ ಕುಂಡಗಳಲ್ಲಿ ಅವತ್ತು ಅರಳಿದ್ದ ಹಳದಿ, ರಾಣಿ, ಕೆಸರು, ಕಾಫಿ ಎಲ್ಲವೂ ಗಿಡದಲ್ಲೇ ಇದ್ದವು. ಕೆಳಗಿನಿಂದ ಗಂಡ ಕೂಗಿದರು: "ಯವ್ವಾ, ಸೋಲಾರಿನಂವಾ ಫೋನ್ ಹಚ್ಯಾನ, ಏನು ಹೇಳ್ಲಿ?"

ಅತ್ತೆ ನನ್ನ ಕಡೆ ತಿರುಗಿದರು. ಬಲಗೈಯ ತೋರುಬೆರಳನ್ನು ನನ್ನ ಎದುರು ಎತ್ತಿ ಹಿಡಿದರು. ತುದಿಯಲ್ಲಿ, ವಿಭೂತಿಯ ಪಕ್ಕದಲ್ಲಿ, ಆ ಹೊಸ ಹೂವಿನ ಹಳದಿ ಪರಾಗ ಅಂಟಿತ್ತು.

"ಕೆಳಗ ಹೋಗಿ ಸೋಲಾರ್ ಬ್ಯಾಡ ಅಂತ ಹೇಳಿ ಲಗೂನ ಬಾ. ಬಂದು, ಇದನ್ನ ಯಾವ ಹೂವಿಗಿ ಹಚ್ಚೂದು ತೋರಸು. ಅದಕ್ಕಂತ ಬೆರಳು ತೊಳೀಲಾರದ ಕುಂತೇನಿ."

ನಾನು ಕೆಳಗೆ ಹೋಗಲಿಲ್ಲ. ಅಲ್ಲಿಂದಲೇ, ಇಡೀ ಓಣಿಗೆ ಕೇಳುವಂತೆ ಕೂಗಿ ಹೇಳಿದೆ.